ಜಾಕೀಟು ಬಿಚ್ಚಿದ ಹತ್ತು ನಿಮಿಷ

ಆ ದಿನ ಮಧ್ಯಾಹ್ನ ನನ್ನ ಗೆಳೆಯ ಚಳಿಗೆ ಸಾಯುವುದರಲ್ಲಿದ್ದ. ಅವನ ಜಾಕೀಟನ್ನು ಬಿಚ್ಚಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳೋಣವೆಂದು ಇಟ್ಟುಕೊಂಡರೆ ನಡುವೆ ಎಲ್ಲೋ ನನ್ನ ಪರವಾಗಿ ನಾನೇ ಮಾತಾಡಲು ಶುರು ಮಾಡುತ್ತೇನೆ ಎಂಬ ಭಯ ನನಗಿದೆ.

ನಾನು ಆಳಂದ ತಾಲ್ಲೂಕಿನ ಸರಸಂಬಾದವನು. ಇಪ್ಪತ್ತು ವರ್ಷದಿಂದ ಅಫಜಲಪುರ ತಾಲ್ಲೂಕಿನ ಒಂದು ಆರೋಗ್ಯ ಕೇಂದ್ರದಲ್ಲಿ ಆರೋಗ್ಯ ಸಹಾಯಕನಾಗಿದ್ದೇನೆ. ಗೆಳೆಯ ಕರಜಗಿಯವನು. ನೀರಾವರಿ ಹೊಲ, ಕಬ್ಬು ಬೆಳೆಯುತ್ತಾನೆ. ನಲವತ್ತು ದಾಟಿದ ಮೇಲೆ ಇಬ್ಬರಿಗೂ ಹೊಟ್ಟೆ ಬಂತು. ಅದನ್ನು ಇಳಿಸಲು ಸೈಕಲ್ಲು ಕೊಂಡೆವು. ಭಾನುವಾರ ಬೆಳಿಗ್ಗೆ ಸೊನ್ನ ಬ್ಯಾರೇಜಿನವರೆಗೆ ಹೋಗಿ ಬರುವುದು ರೂಢಿಯಾಯಿತು. ಆಮೇಲೆ ಜೇವರ್ಗಿಯವರೆಗೆ ಹೋಗತೊಡಗಿದೆವು, ಅಲ್ಲಿ ಅವನ ಹೆಂಡತಿಯ ತವರುಮನೆ. ಒಂದು ದಿನ ಅವನು ಮೊಬೈಲಿನಲ್ಲಿ ಯಾರೋ ಮನಾಲಿಯಿಂದ ಲೇಹಕ್ಕೆ ಸೈಕಲ್ ಮೇಲೆ ಹೋಗುವುದನ್ನು ತೋರಿಸಿದ. ಮುಂದಿನ ಒಂದು ವರ್ಷ ಅದೇ ಮಾತು.

ನಮ್ಮ ಕಡೆ ಏರು ಎಂದರೆ ಹಳ್ಳಕ್ಕೆ ಇಳಿದ ರಸ್ತೆ ಮತ್ತೆ ಮೇಲೆ ಬರುವುದು, ಅಷ್ಟೇ. ಘಾಟು ಹತ್ತುವ ಅಭ್ಯಾಸಕ್ಕೆ ನಾವು ಹಿಂದಿನ ಸೀಟಿಗೆ ಇಪ್ಪತ್ತು ಕಿಲೋ ಜೋಳದ ಚೀಲ ಕಟ್ಟಿಕೊಂಡು ಎದುರುಗಾಳಿಗೆ ತುಳಿದೆವು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲೂ ಬಿಡಲಿಲ್ಲ. ಬಿಸಿಲಿಗೆ ಏನೇನು ಬೇಕೋ ಅದೆಲ್ಲ ನಮಗೆ ಗೊತ್ತಿತ್ತು. ಬೆವರು ಹೀರಲು ಒಳಗೆ ಹತ್ತಿ ಬನಿಯನ್, ತಲೆಗೆ ಒದ್ದೆ ಟವೆಲ್, ಗಂಟೆಗೊಮ್ಮೆ ಉಪ್ಪು ಸಕ್ಕರೆ ಹಾಕಿದ ನೀರು. ಚಳಿಯ ಬಗ್ಗೆ ಓದಿದ್ದೆವು. ಓದಿದ್ದು ಅಂಗಡಿಯಲ್ಲಿ ಏನು ಕೊಳ್ಳಬೇಕು ಎಂಬುದನ್ನು ಮಾತ್ರ.

ಸೆಪ್ಟೆಂಬರ್ ತಿಂಗಳ ಕೊನೆಯ ವಾರ. ಮನಾಲಿ ಬಿಟ್ಟು ಆರನೆಯ ದಿನ. ಸರ್ಚು ಎಂಬಲ್ಲಿ ಟೆಂಟಿನಲ್ಲಿ ಮಲಗಿದ್ದೆವು. ಆ ದಿನ ಎರಡು ಘಾಟು ದಾಟಿ ಪಾಂಗ್ ಎಂಬ ಜಾಗ ಸೇರಬೇಕಿತ್ತು. ನಡುವೆ ಊರಿಲ್ಲ. ಎರಡು ಘಾಟುಗಳ ನಡುವಿನ ತಗ್ಗಿನಲ್ಲಿ ಚಹಾದ ಒಂದೆರಡು ಟೆಂಟುಗಳಿವೆ ಎಂದು ಹೇಳಿದ್ದರು.

ಐದು ಗಂಟೆಗೆ ಅವನೇ ಎಬ್ಬಿಸಿದ.

"ಏ ಡಾಕ್ಟರ್, ಏಳಲೇ. ಬಾಟ್ಲ್ಯಾಗಿನ ನೀರು ಕಲ್ಲಾಗ್ಯದ. ಇದನ್ನ ಕುಡಿಯೋದೋ ಕಡಿಯೋದೋ ಹೇಳು."

"ನಾ ಡಾಕ್ಟರ್ ಅಲ್ಲಲೇ. ಒಲಿ ಮ್ಯಾಲ ಇಡು."

"ಅಲ್ಲ ಅಂದ್ರ ಸೂಜಿ ಯಾಕ ಚುಚ್ಚತಿ ಮಂದಿಗಿ?"

ಕಟಕರೊಟ್ಟಿಯನ್ನು ಶೇಂಗಾ ಹಿಂಡಿಯ ಜೊತೆ ತಿಂದು ಆರಕ್ಕೆ ಮೊದಲೇ ಹೊರಟೆವು. ನದಿಯ ಪಕ್ಕದ ಸಪಾಟು ದಾರಿಯಲ್ಲಿ ಮೊದಲ ಎರಡು ತಾಸು ಸುಲಭವಾಗಿಯೇ ಹೋಯಿತು. ಬೆರಳುಗಳು ಬ್ರೇಕಿನ ಮೇಲೆ ಮರಗಟ್ಟುತ್ತಿದ್ದವು. ನಾನು ಎರಡು ಜೊತೆ ಕೈಗವಸು ಹಾಕಿಕೊಂಡಿದ್ದೆ, ಒಂದರ ಮೇಲೆ ಒಂದು. ಅದನ್ನು ಇಲ್ಲಿ ಹೇಳಲು ಕಾರಣವಿದೆ. ಆ ದಿನ ಮಧ್ಯಾಹ್ನದವರೆಗೆ ನಾನು ಅವುಗಳನ್ನು ಪೂರ್ತಿ ಕಳಚಿದ್ದು ಎರಡೋ ಮೂರೋ ಸಲ.

ಆಮೇಲೆ ಇಪ್ಪತ್ತೊಂದು ತಿರುವುಗಳ ಏರು. ಗುಡ್ಡದ ಮೈಮೇಲೆ ರಸ್ತೆ ಎಡಕ್ಕೆ ಬಲಕ್ಕೆ ಮಡಚಿಕೊಂಡು ಹೋಗುತ್ತದೆ. ಗೆಳೆಯ ಒಂದೊಂದು ತಿರುವಿಗೆ ಅಫಜಲಪುರದಿಂದ ಜೇವರ್ಗಿಯವರೆಗಿನ ಒಂದೊಂದು ಊರಿನ ಹೆಸರಿಟ್ಟು ಎಣಿಸತೊಡಗಿದ. ಊರು ಮುಗಿದವು, ತಿರುವು ಉಳಿದವು. ಉಳಿದವುಗಳಿಗೆ ತನ್ನ ಮಾವನ ಮನೆಯ ಜನರ ಹೆಸರಿಟ್ಟ. ಅತ್ತೆಯ ತಿರುವು ಎಲ್ಲಕ್ಕಿಂತ ಕಡಿದಾಗಿತ್ತು. "ಆಕಿ ಇಲ್ಲಿಗೂ ಬಂದಾಳ ನೋಡಲೇ," ಅಂದ. ನಗಲು ಉಸಿರು ಸಾಲದೆ ಇಬ್ಬರೂ ಸೈಕಲ್ ಇಳಿದು ಹ್ಯಾಂಡಲ್ ಮೇಲೆ ಬಗ್ಗಿ ನಿಂತೆವು.

ಆ ಏರಿನಲ್ಲಿ ಅವನು ಮೈಮೇಲಿದ್ದ ಒಂದನ್ನೂ ಬಿಚ್ಚಲಿಲ್ಲ. ಬನಿಯನ್, ಅದರ ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ತಡೆಯುವ ಜಾಕೀಟು. ಒಳಗೆ ಬೆವರು ಸುರಿಯುತ್ತಿತ್ತು. ನನಗೂ ಅಷ್ಟೇ, ಆದರೆ ನಾನು ಅವನಿಗಿಂತ ನಿಧಾನ. ಹನ್ನೊಂದೂವರೆಗೆ ಮೊದಲ ಘಾಟಿನ ತುದಿ ಮುಟ್ಟಿದೆವು. ಕಲ್ಲಿನ ಗುಡ್ಡೆ, ಬಣ್ಣದ ಬಟ್ಟೆಯ ತುಂಡುಗಳು ಗಾಳಿಗೆ ಪಟಪಟ ಅನ್ನುತ್ತಿದ್ದವು. ಅಲ್ಲಿಂದ ಇಳಿಜಾರು. ಒದ್ದೆ ಬಟ್ಟೆಯಲ್ಲಿ, ಆ ಗಾಳಿಯಲ್ಲಿ, ತುಳಿಯದೆ ಸುಮ್ಮನೆ ಕುಳಿತು ಆರು ಕಿಲೋಮೀಟರ್ ಇಳಿದೆವು.

ತಗ್ಗಿನ ಟೆಂಟಿನಲ್ಲಿ ಲಡಾಖಿ ಹೆಂಗಸೊಬ್ಬಳು ಚಹಾ ಕೊಟ್ಟಳು. ಐವತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ. ಗೆಳೆಯನ ಹಿಂದೆ ಹಾದುಹೋಗುವಾಗ ಅವನ ಕಾಲರಿನೊಳಗೆ ಬೆರಳು ಹಾಕಿ ನೋಡಿದಳು. "ಗೀಲಾ ಹೈ. ಉತಾರೋ," ಎಂದು ಒಲೆಯ ಮೇಲಿನ ಹಗ್ಗ ತೋರಿಸಿದಳು. ಒದ್ದೆಯಾಗಿದೆ, ಬಿಚ್ಚಿ ಅಲ್ಲಿ ಒಣಹಾಕು ಎಂದು ಅರ್ಥ.

ಅವನು ನನ್ನ ಕಡೆ ಬಗ್ಗಿ ಪಿಸುಗುಟ್ಟಿದ. "ಹೆಣ್ಮಗಳ ಮುಂದ ಬನಿಯನ್ ಕಳಿಯೋದೇನಲೇ? ನಮ್ಮಾಕಿಗಿ ಗೊತ್ತಾದ್ರ ಮನ್ಯಾಗ ಸೇರಿಸ್ತಾಳೇನು?"

ನಾನು ನಕ್ಕೆ. ಕೇಂದ್ರದಲ್ಲಾಗಿದ್ದರೆ ಎಂಥ ಹಟಮಾರಿ ರೋಗಿಗೂ ಗದರಿಸಿ ಅಂಗಿ ಬಿಚ್ಚಿಸುತ್ತಿದ್ದೆ. ಅಲ್ಲಿ ನಕ್ಕೆ. ಅವನು ಜಾಕೀಟಿನ ಜಿಪ್ಪನ್ನು ಗಂಟಲವರೆಗೆ ಎಳೆದುಕೊಂಡು, "ತುಳದರ ಮೈ ತಾನಾ ಕಾಯ್ತದ," ಅಂದ. ಒಂದೂವರೆಗೆ ಎರಡನೆಯ ಘಾಟಿನ ಏರು ಶುರು ಮಾಡಿದೆವು.

ಅರ್ಧ ತಾಸಿನಲ್ಲಿ ಮೋಡ ಕವಿಯಿತು. ಮಳೆಯೂ ಅಲ್ಲದ, ಮಂಜೂ ಅಲ್ಲದ ಸಣ್ಣ ಕಾಳುಗಳು ಗಾಳಿಯ ಜೊತೆ ಅಡ್ಡಡ್ಡ ಬಂದು ಮುಖಕ್ಕೆ ಹೊಡೆದವು. ತುಳಿಯಲಾಗಲಿಲ್ಲ. ಸೈಕಲ್ಲನ್ನು ತಳ್ಳುತ್ತ ನಡೆದೆವು. ಅವನಿಗೆ ನಡುಕ ಹತ್ತಿತು. ಹಲ್ಲು ಕಟಕಟ ಅನ್ನುವುದು ಎರಡು ಮಾರು ಹಿಂದಿದ್ದ ನನಗೆ ಕೇಳಿಸುತ್ತಿತ್ತು. ವಾಪಸ್ಸು ಹೋಗೋಣವೇ ಎಂದು ಒಮ್ಮೆ ಕೇಳಿದೆ. ಅವನು ತಲೆಯಾಡಿಸಿದ. ಬೇಡವೆಂದೋ ಹೂಂ ಎಂದೋ ನನಗೆ ತಿಳಿಯಲಿಲ್ಲ. ಮತ್ತೊಮ್ಮೆ ಕೇಳಲಿಲ್ಲ.

ಎರಡೂವರೆ ದಾಟಿದ ಮೇಲೆ ಕಾಳು ಬೀಳುವುದು ನಿಂತು ಮೋಡ ಸರಿಯಿತು. ಅಷ್ಟು ಎತ್ತರದಲ್ಲಿ ಬಿಸಿಲು ಬೆಳ್ಳಗೆ, ಕಣ್ಣು ಬಿಡಲಾಗದಂತೆ ಬೀಳುತ್ತದೆ. ಗೆಳೆಯನ ನಡುಕವೂ ನಿಂತಿತು. ನನಗೆ ಸಮಾಧಾನವಾಯಿತು. ಬಿಸಿಲು ಬಂತು, ಮೈ ಕಾಯಿತು, ನಡುಕ ನಿಂತಿತು ಎಂದುಕೊಂಡೆ. ಲೆಕ್ಕ ಸರಿಯಾಗಿ ಕಂಡಿತು.

ಸ್ವಲ್ಪ ಹೊತ್ತಿಗೆ ಅವನ ಸೈಕಲ್ಲು ರಸ್ತೆಯ ಅಂಚಿಗೆ ಎಳೆಯತೊಡಗಿತು. ಕುಡಿದವನ ಹಾಗೆ ಹೆಜ್ಜೆ ಹಾಕುತ್ತಿದ್ದ. ಸೈಕಲ್ಲನ್ನು ನೆಲಕ್ಕೆ ಬಿಟ್ಟು ನಿಂತ. ಮುಖ ಕೆಂಪಗಿತ್ತು, ಮೂಗು ಕೆನ್ನೆಗಳ ಚರ್ಮ ಸುಟ್ಟಿತ್ತು.

"ಸೆಕಿ ಆಗಾಕತ್ತದ," ಅಂದ. ನಾಲಿಗೆ ತೊದಲುತ್ತಿತ್ತು.

"ಏನಂದಿ?"

"ಸೆಕಿಲೇ. ಮೈಯೆಲ್ಲಾ ಸುಡಾಕತ್ತದ. ಇದನ್ನ ತಗಿ." ಜಿಪ್ಪು ಹಿಡಿಯಲು ನೋಡಿದ. ಬೆರಳಿಗೆ ಸಿಗಲಿಲ್ಲ.

ನಾನು ಬಿಚ್ಚಿದೆ.

ಇಲ್ಲಿ ನಿಧಾನವಾಗಿ ಹೇಳಬೇಕು. ಪ್ರತಿ ಬೇಸಿಗೆಯಲ್ಲಿ ನಮ್ಮ ಕೇಂದ್ರಕ್ಕೆ ಬಿಸಿಲು ಬಡಿದವರನ್ನು ಹೊತ್ತು ತರುತ್ತಾರೆ. ತೊದಲು, ತಪ್ಪು ಹೆಜ್ಜೆ, ಕೆಂಪು ಮುಖ, ಸಿಟ್ಟು, ಬಟ್ಟೆ ಕಿತ್ತೆಸೆಯುವುದು. ಇವೆಲ್ಲ ಒಟ್ಟಿಗೆ ಕಂಡರೆ ನನ್ನ ಕೈ ನನ್ನನ್ನು ಕೇಳದೆ ಕೆಲಸ ಶುರು ಮಾಡುತ್ತದೆ. ಆ ದಿನವೂ ಶುರು ಮಾಡಿತು. ಜಾಕೀಟು ತೆಗೆದೆ. ಸ್ವೆಟರನ್ನು ತಲೆಯ ಮೇಲಿಂದ ಎಳೆದೆ. ರಸ್ತೆಬದಿಯ ಬಂಡೆಯ ಮೇಲೆ ಕೂರಿಸಿದೆ. ಬ್ಯಾಗಿನಿಂದ ಟವೆಲ್ ತೆಗೆದು, ಬಾಟಲಿಯ ನೀರು ಸುರಿದು, ಹಿಂಡಿ, ಅವನ ತಲೆ ಮತ್ತು ಕುತ್ತಿಗೆಗೆ ಸುತ್ತಿದೆ. ಬಾಟಲಿಯಲ್ಲಿ ಮಂಜುಗಡ್ಡೆಯ ಚೂರುಗಳು ಸದ್ದು ಮಾಡುತ್ತಿದ್ದವು. ಆ ಸದ್ದು ಕೇಳಿಸಿತು, ಕೇಳಿಸಿದ್ದು ನನಗೆ ನೆನಪಿದೆ. ಟೊಪ್ಪಿಗೆಯಿಂದ ಗಾಳಿ ಹಾಕಿದೆ. ಉಳ್ಳಾಗಡ್ಡಿ ಇದ್ದಿದ್ದರೆ ಒಡೆದು ಮೂಗಿಗೆ ಹಿಡಿಯುತ್ತಿದ್ದೆ.

"ಆರಾಮ ಆತೇನು?" ಎಂದು ಕೇಳಿದೆ.

"ಹೂಂ. ಈಗ ಚಲೋ ಅದ," ಅಂದ. ನಿಜವಾಗಿಯೂ ಅವನ ಮುಖದಲ್ಲಿ ಸುಖವಿತ್ತು.

ಅಷ್ಟು ಎತ್ತರದಲ್ಲಿ ಉಸಿರಿಗೆ ಗಾಳಿ ಸಾಲದು, ನಿಮ್ಮ ತಲೆಯೂ ಓಡಿರಲಿಕ್ಕಿಲ್ಲ ಎಂದು ಆಮೇಲೆ ಒಬ್ಬ ವೈದ್ಯರು ಹೇಳಿದರು. ಇರಬಹುದು. ಆದರೆ ಬಿಸಿಲು ಬಡಿದವರು ಬಂದಾಗ ನಾನು ಮಾಡುವ ಮೊದಲ ಕೆಲಸ ಮೈ ಮುಟ್ಟುವುದು. ಅಲ್ಲಿ ನಾನು ಅವನ ಮೈಯನ್ನು ಎಲ್ಲೆಲ್ಲೂ ಮುಟ್ಟುತ್ತಿದ್ದೆ, ಎರಡು ಜೊತೆ ಕೈಗವಸಿನ ಒಳಗಿನಿಂದ.

ಹತ್ತು ನಿಮಿಷವಾಗಿರಬೇಕು. ಟವೆಲನ್ನು ಮತ್ತೆ ಒದ್ದೆ ಮಾಡಲು ಎತ್ತಿದೆ. ಅದು ಕುತ್ತಿಗೆಯ ಆಕಾರದಲ್ಲೇ ಮೇಲೆ ಬಂತು. ಕೈ ಬಿಟ್ಟರೂ ಮಡಚಿಕೊಳ್ಳಲಿಲ್ಲ. ಬಂಡೆಯ ಮೇಲೆ ಇಟ್ಟರೆ ಒಣಗಿದ ತೊಗಲಿನ ಹಾಗೆ ಸೆಟೆದು ನಿಂತಿತು.

ನಾನು ಅದನ್ನೇ ನೋಡುತ್ತ ನಿಂತೆ. ಆಮೇಲೆ ಹಲ್ಲಿನಿಂದ ಕೈಗವಸುಗಳನ್ನು ಎಳೆದು, ಅವನ ಬನಿಯನ್ನಿನ ಕೆಳಗಿನಿಂದ ಕಂಕುಳಿಗೆ ಕೈ ಹಾಕಿದೆ. ತಣ್ಣಗಿತ್ತು. ಇಪ್ಪತ್ತು ವರ್ಷದಲ್ಲಿ ಜೀವಂತ ಮನುಷ್ಯನ ಕಂಕುಳನ್ನು ಅಷ್ಟು ತಣ್ಣಗೆ ನಾನು ಮುಟ್ಟಿರಲಿಲ್ಲ.

ಜಾಕೀಟು ಹಾಕಲು ಹೋದೆ. ಅವನು ಹೊಡೆದ. ಕಬ್ಬು ಕಡಿದು ಹೊತ್ತ ತೋಳು, ನನ್ನ ಕಿವಿಯ ಮೇಲೆ ಬಿತ್ತು.

"ಬಿಡಲೇ! ಸುಟ್ಟು ಸಾಯಾಕತ್ತೇನಿ ಅಂದ್ರ ಮತ್ತ ಹೊಚ್ಚತಿಯಲ್ಲೋ!"

"ಸುಡಾಕತ್ತಿಲ್ಲ. ನಿಂಗ ಥಂಡಿ ಬಡದದ. ಕೈ ಒಳಗ ಹಾಕು."

"ಹುಚ್ಚಸೂಳೇಮಗನ, ಬಿಸಲ ಕಾಣಾಂಗಿಲ್ಲೇನು ನಿಂಗ?"

ನಾಲ್ಕು ಸಲ ನೋಡಿದೆ. ತೋಳು ಒಳಗೆ ಹೋಗಲೇ ಇಲ್ಲ. ಕೊನೆಗೆ ಮಲಗುವ ಚೀಲ ಬಿಚ್ಚಿ, ಅವನನ್ನು ಬಂಡೆಯ ಹಿಂದೆ ಗಾಳಿಯ ಮರೆಗೆ ಉರುಳಿಸಿ, ಕಾಲಿನ ಕಡೆಯಿಂದ ತುರುಕಿದೆ. ಒದ್ದೆ ಬನಿಯನ್ ಮೈಮೇಲೆಯೇ ಇತ್ತು. ಅದನ್ನು ಮೊದಲು ಕತ್ತರಿಸಿ ತೆಗೆಯಬೇಕಿತ್ತು. ಹೊಳೆಯಲಿಲ್ಲ. ಚೀಲದ ಮೇಲೆ ನಾನು ಬೋರಲು ಬಿದ್ದೆ. ಸ್ವಲ್ಪ ಹೊತ್ತು ಒದ್ದಾಡಿ ಅವನು ಸುಮ್ಮನಾದ. ಅವನ ಬೈಗುಳಕ್ಕಿಂತ ಆ ಸುಮ್ಮನಿರುವಿಕೆಗೆ ನನಗೆ ಹೆಚ್ಚು ಭಯವಾಯಿತು.

"ಮಾತಾಡಲೇ. ಮಲಗಬ್ಯಾಡ. ನಿನ್ನೆ ರಾತ್ರಿ ಏನು ಉಂಡಿವಿ ಹೇಳು."

"ನೀರು ಬಿಟ್ಟಿಯೇನು?" ಎಂದು ಕೇಳಿದ.

"ಯಾವ ನೀರು?"

"ಕಬ್ಬಿಗಿ. ಕರೆಂಟ ಬಂದದ. ಹೋಗಿ ಮೋಟಾರ ಚಾಲೂ ಮಾಡು." ಕಣ್ಣು ತೆರೆದೇ ಇತ್ತು. ನನ್ನನ್ನು ಯಾರೆಂದುಕೊಂಡಿದ್ದನೋ.

ಮೂರು ಗಂಟೆ ಹತ್ತು ನಿಮಿಷಕ್ಕೆ ಮೇಲಿನಿಂದ ಒಂದು ಲಾರಿ ಬಂತು. ಓಡಿ ಕೈ ಅಡ್ಡ ಹಿಡಿದೆ. ಹಾರನ್ ಹೊಡೆದು ಪಕ್ಕದಿಂದ ಹೋಯಿತು. ಅವನು ಬಂಡೆಯ ಹಿಂದಿದ್ದ, ಚಾಲಕನಿಗೆ ಕಂಡಿರಲಿಕ್ಕಿಲ್ಲ. ಆಗ ಎರಡೂ ಸೈಕಲ್ಲುಗಳನ್ನು ಎಳೆದು ತಂದು ರಸ್ತೆಯ ನಡುವೆ ಅಡ್ಡ ಹಾಕಿದೆ. ಮತ್ತೆ ಬಂಡೆಯ ಹಿಂದೆ ಹೋಗಿ ಅವನ ಮೂಗಿನ ಹತ್ತಿರ ಕೆನ್ನೆ ಹಿಡಿದೆ. ಉಸಿರಿತ್ತು. ಎಣಿಸಿದೆ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ನಾನು ಐದರವರೆಗೆ ಎಣಿಸುತ್ತಿದ್ದೆ, ಒಮ್ಮೊಮ್ಮೆ ಏಳು. ಏಳು ಬಂದಾಗಲೆಲ್ಲ ಮುಂದಿನದು ಬರುವುದಿಲ್ಲ ಅನಿಸುತ್ತಿತ್ತು.

ಮೂರೂವರೆಯ ಸುಮಾರಿಗೆ ಖಾಲಿ ಟ್ಯಾಂಕರ್ ಒಂದು ಮೇಲಿನಿಂದ ಬಂದು ಸೈಕಲ್ಲುಗಳ ಮುಂದೆ ನಿಂತಿತು. ಚಾಲಕ ಬೈಯುತ್ತ ಇಳಿದ. ನನ್ನ ಬಾಯಿಂದ ಬಂದದ್ದು ನಮ್ಮ ಗುಲಬರ್ಗಾದ ಉರ್ದು. "ಭಾಯಿ, ಮೇರಾ ದೋಸ್ತ ಮರ್‌ರಾ. ನೀಚೆ ಟೆಂಟ್ ತಕ್ ಛೋಡೋ. ನಕ್ಕೊ ಬೋಲೋ ಮತ್." ಗೆಳೆಯ ಸಾಯುತ್ತಿದ್ದಾನೆ, ಕೆಳಗಿನ ಟೆಂಟಿನವರೆಗೆ ಬಿಡು, ಇಲ್ಲ ಅನ್ನಬೇಡ ಎಂದದ್ದು ಅವನಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಚೀಲದ ಕಾಲಿನ ಕಡೆ ಅವನೇ ಹಿಡಿದ. ಇಬ್ಬರೂ ಸೇರಿ ಎತ್ತಿ ಗೆಳೆಯನನ್ನು ಕ್ಯಾಬಿನ್ನಿನೊಳಗೆ ಹಾಕಿದೆವು. ಬಿದ್ದಿದ್ದ ಜಾಕೀಟು, ಸ್ವೆಟರನ್ನು ಅವನ ಬ್ಯಾಗಿಗೆ ತುರುಕಿ ಒಳಗೆ ಎಸೆದು, ಸೈಕಲ್ಲುಗಳನ್ನು ಒದ್ದು ಬದಿಗೆ ಸರಿಸಿದೆ.

ಟೆಂಟಿನ ಹೆಂಗಸು ನಮ್ಮನ್ನು ನೋಡಿದವಳೇ ಒಲೆಯ ಪಕ್ಕ ಜಾಗ ಮಾಡಿದಳು. ಚೀಲದ ಜಿಪ್ಪು ಎಳೆದು, ಕುರಿ ಉಣ್ಣೆ ಕತ್ತರಿಸುವಂಥ ದೊಡ್ಡ ಕತ್ತರಿ ತಂದು, ಬನಿಯನ್ನನ್ನು ಕುತ್ತಿಗೆಯಿಂದ ಹೊಟ್ಟೆಯವರೆಗೆ ಸೀಳಿ ತೆಗೆದಳು. ನಾನು ಅವನ ಅಂಗೈ, ಪಾದಗಳನ್ನು ಗಸಗಸ ತಿಕ್ಕತೊಡಗಿದೆ. ಅವಳು ನನ್ನ ಕೈ ಮೇಲೆ ಪಟ್ಟನೆ ಹೊಡೆದಳು.

"ಮತ್ ರಗಡೋ! ಮಾರ್ ಡಾಲೋಗೇ ಕ್ಯಾ?"

ಕೊಂದುಬಿಡುತ್ತೀಯಾ ಎಂದು ಅವಳು ಕೇಳಿದ್ದು ತಿಕ್ಕುವುದರ ಬಗ್ಗೆ. ನನ್ನ ಕೈ ಹಾಗೆಯೇ ನಿಂತುಬಿಟ್ಟಿತು. ಅವಳು ನನ್ನ ಒದ್ದೆ ಅಂಗಿಯನ್ನೂ ಬಿಚ್ಚಿಸಿ, ಅವನ ಬೆನ್ನಿಗೆ ನನ್ನ ಎದೆ ಹತ್ತುವಂತೆ ಹಲಗೆಯ ಮಂಚದ ಮೇಲೆ ಮಲಗಿಸಿ, ಮೇಲೆ ಐದು ರಜಾಯಿ ಹೊದಿಸಿದಳು. ಅವನ ಬೆನ್ನು ನನ್ನ ಎದೆಗೆ ಹಸಿ ಮಣ್ಣಿನ ಗೋಡೆಯಂತೆ ತಾಗಿತು. ನನ್ನ ಶಾಖವೆಲ್ಲ ಅದರೊಳಗೆ ಹೋಗುತ್ತಿತ್ತು, ಆದರೆ ಅದು ಬಿಸಿಯಾಗುತ್ತಿರಲಿಲ್ಲ. ಅವಳು ಒಲೆಗೆ ಒಂದೊಂದೇ ಕಟ್ಟಿಗೆ ಇಡುತ್ತಿದ್ದಳು. ಅವನಿಗೆ ಚಹಾ ಕೊಡು ಎಂದೆ. "ಅಭೀ ನಹೀ. ಪಹಲೇ ಕಾಂಪೇ," ಅಂದಳು. ಮೊದಲು ನಡುಗಲಿ.

ಮಧ್ಯಾಹ್ನ ನಿಂತಿದ್ದಕ್ಕೆ ನಾನು ಸಮಾಧಾನಪಟ್ಟಿದ್ದ ನಡುಕ ಅದು. ಈಗ ಅದು ಬರಲಿ ಎಂದು ಕಾಯುತ್ತ ಮಲಗಿದೆ. ಮುಕ್ಕಾಲು ತಾಸು ಏನೂ ಇಲ್ಲ. ಅವನ ಹೆಂಡತಿಗೆ ಫೋನಿನಲ್ಲಿ ಯಾವ ಮಾತಿನಿಂದ ಶುರು ಮಾಡಬೇಕು ಎಂದು ಯೋಚಿಸತೊಡಗಿದ್ದೆ. ಫೋನ್ ಹತ್ತಬೇಕಾದರೆ ಇನ್ನೂ ಎಷ್ಟು ದೂರ ಹೋಗಬೇಕು ಎಂದು ಕೂಡ. ಆಗ ಅವನ ಹೆಗಲಿನ ಮೂಳೆಯ ಹತ್ತಿರ ಏನೋ ಸಣ್ಣಗೆ ಅದುರಿತು. ನಿಂತಿತು. ಮತ್ತೆ ಅದುರಿತು. ಸ್ವಲ್ಪ ಹೊತ್ತಿನಲ್ಲಿ ಅವನ ಇಡೀ ಮೈ ಹಲಗೆಯ ಮೇಲೆ ದಡದಡ ಕುಣಿಯಿತು. ಜೊತೆಗೆ ನಾನೂ. ಹೆಂಗಸು ಎದ್ದು ಚಹಾಕ್ಕೆ ಸಕ್ಕರೆ ಹಾಕಿದಳು.

ಕತ್ತಲಾಗುವ ಹೊತ್ತಿಗೆ ಅವನಿಗೆ ನನ್ನ ಗುರುತು ಸಿಕ್ಕಿತು. ಮರುದಿನ ಒಂದು ಜೀಪು ಹಿಡಿದು ಲೇಹಕ್ಕೆ ಹೋದೆವು. ಆಸ್ಪತ್ರೆಯಲ್ಲಿ ಎದೆ, ರಕ್ತ ಎಲ್ಲ ನೋಡಿ ಜೀವಕ್ಕೆ ಭಯವಿಲ್ಲ ಅಂದರು. ಮೈ ತೀರ ತಣ್ಣಗಾದರೆ ನಡುಕ ನಿಂತು ಸೆಕೆಯೆನಿಸುತ್ತದೆ, ಬಟ್ಟೆ ಕಿತ್ತೆಸೆಯುತ್ತಾರೆ ಎಂದೂ ಹೇಳಿದರು. ಎಡಗೈಯ ಕೊನೆಯ ಎರಡು ಬೆರಳುಗಳ ತುದಿ ಮಾತ್ರ ಬಿಳಿಚಿ ಮೇಣದಂತಾಗಿತ್ತು. ಸ್ಪರ್ಶ ತಿರುಗಿ ಬಂದರೂ ಬರಬಹುದು, ಬಾರದೆಯೂ ಇರಬಹುದು ಅಂದರು.

ಬರಲಿಲ್ಲ. ಮೂರು ವರ್ಷವಾಯಿತು.

ಅವನಿಗೆ ಟೆಂಟಿನಲ್ಲಿ ಮೊದಲ ಸಲ ಚಹಾ ಕುಡಿದದ್ದು ನೆನಪಿದೆ, ಆಮೇಲೆ ಕತ್ತಲಾಗುವವರೆಗಿನದು ಏನೂ ಇಲ್ಲ. ಏನಾಯಿತು ಎಂದು ಊರಿಗೆ ಮರಳುವ ರೈಲಿನಲ್ಲಿ ಕೇಳಿದ. "ನಿಂಗ ಥಂಡಿ ಬಡೀತು, ಟ್ಯಾಂಕರ್ ಸಿಕ್ತು," ಅಂದೆ. ಅಷ್ಟನ್ನೇ ಅವನು ಊರಿನಲ್ಲಿ ಎಲ್ಲರಿಗೂ ಹೇಳಿದ, ನನ್ನ ಹೆಗಲ ಮೇಲೆ ಕೈಹಾಕಿಕೊಂಡು.

ಬಂದು ಹದಿನೈದು ದಿನಕ್ಕೆ ಕರಜಗಿಗೆ ಅವನ ಬೆರಳಿನ ಪಟ್ಟಿ ಬದಲಿಸಲು ಹೋದೆ. ಅವನು ಹೊಲದಲ್ಲಿದ್ದ. ಅವನ ಹೆಂಡತಿ ನೀರು ತಂದಿಟ್ಟು ಹೊಸ್ತಿಲ ಹತ್ತಿರ ಕೂತಳು.

"ಅಣ್ಣಾ, ಒಂದು ಕೇಳ್ತೇನಿ, ಖರೇ ಹೇಳ್ರಿ. ಬ್ಯಾಗ ತೊಳೀಲಿಕ್ಕಂತ ತಗದೆ. ಸ್ವೆಟರ್, ಜಾಕೀಟು ಎರಡೂ ಅದರಾಗ ಇದ್ದವು. ಬನಿಯನ್ ಉದ್ದಕ ಕತ್ತರಿಸ್ಯಾರ, ಇವು ಎಲ್ಲೂ ಹರದಿಲ್ಲ. ಅಷ್ಟು ಥಂಡ್ಯಾಗ ಇವರ ಮೈಮ್ಯಾಲ ಯಾಕ ಇರಲಿಲ್ಲರಿ?"

ಹೇಳಿದೆ. ಸೆಕೆ ಎಂದದ್ದು, ಬಿಚ್ಚಿದ್ದು, ಟವೆಲ್ ಒದ್ದೆ ಮಾಡಿದ್ದು, ಗಾಳಿ ಹಾಕಿದ್ದು.

"ಎಷ್ಟೊತ್ತು?"

"ಹತ್ತು ನಿಮಿಷ. ಹೆಚ್ಚೂ ಇರಬಹುದು ತಂಗಿ. ಗಡಿಯಾರ ನೋಡಿದ್ದಿಲ್ಲ."

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಅವರಿಗಿ ಹೇಳೀರೇನು?"

"ಇಲ್ಲ."

"ಮತ್ತ ನನ್ನ ಮುಂದ ಯಾಕ ಇಳಿಸ್ತೀರಿ ಈ ಭಾರ? ಕೈಬಟ್ಟು ಅವರವು. ಹೋಗಿ ಅವರಿಗಿ ಹೇಳ್ರಿ."

ಹೊಲಕ್ಕೆ ನಡೆದುಕೊಂಡು ಹೋದೆ. ಅವನು ಸಲಿಕೆ ಹಿಡಿದು ಕಬ್ಬಿನ ಒಂದು ಸಾಲಿನಿಂದ ಇನ್ನೊಂದಕ್ಕೆ ನೀರು ತಿರುಗಿಸುತ್ತಿದ್ದ. ಬದುವಿನ ಮೇಲೆ ನಿಂತೇ ಹೇಳಿದೆ. ಮೊದಮೊದಲು ಅವನ ಕೈ ಕೆಲಸ ಮಾಡುತ್ತಲೇ ಇತ್ತು. ಆಮೇಲೆ ನಿಂತಿತು.

"ಸೆಕಿ ಅಂತ ನಾ ಅಂದ್ನಾ?"

"ಅಂದಿ."

"ಅಂಥಾ ಜಾಗದಾಗ?"

"ಹೂಂ."

"ನೀ ನಂಬಿದಿ."

"ನಂಬಿದೆ."

ನೀರು ಸಾಲು ತುಂಬಿ ಪಕ್ಕಕ್ಕೆ ಒಡೆದು ಹರಿಯಿತು. ಅವನು ಅದನ್ನು ನೋಡಿದ. ಬಗ್ಗಿ ಎರಡು ಸಲಿಕೆ ಮಣ್ಣು ಹಾಕಿ ಕಟ್ಟಿದ. ಎದ್ದು ನಿಂತ ಮೇಲೂ ನನ್ನ ಕಡೆ ತಿರುಗಲಿಲ್ಲ.

"ಇವತ್ತು ನನ್ನ ಕೂಡ ಮಾತಾಡಬ್ಯಾಡ," ಅಂದ. "ಈಗ ಹೋಗು. ನಾಳಿ ಬಾ."

ನಾನು ಬದುವಿನ ಮೇಲೆ ನಡೆದು ರಸ್ತೆಗೆ ಬಂದೆ. ಮರುದಿನ ಬೆಳಿಗ್ಗೆ ಹೋದೆ.